ಉಪ್ಪು ನೀರೊಡೆಯುವುದು ಯಾಕೆ, ಲೀಟರ್ ಎಣ್ಣೆ 910 ಗ್ರಾಂ ಯಾಕೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲದ ಪತ್ರಗಳೆಲ್ಲ ಉತ್ತರ ಕನ್ನಡದಿಂದಲೇ ಬಂದಿವೆ. ಕರಾವಳಿಯವರು ಉಪ್ಪು, ಎಣ್ಣೆಯ ಬಗ್ಗೆ ಕೇಳಿದ್ದಾರೆ. ಘಟ್ಟದ ಮೇಲಿನವರು ಸುಣ್ಣ, ಥರ್ಮಾಮೀಟರಿನ ಬಗ್ಗೆ ಕೇಳಿದ್ದಾರೆ. ಕೈಯಲ್ಲಿರುವ ವಸ್ತುವಿನಲ್ಲಿ ನಿಜವಾಗಿ ಏನಿದೆ, ಎಷ್ಟಿದೆ, ಅದನ್ನು ತಿಳಿಯುವುದು ಹೇಗೆ ಅನ್ನುವುದೇ ಹೆಚ್ಚಿನವರ ಪ್ರಶ್ನೆ. ರಸಾಯನಶಾಸ್ತ್ರ ಶುರುವಾಗುವುದೂ ಅಲ್ಲಿಂದಲೇ. ಹಾಗಾಗಿ ಪಠ್ಯಪುಸ್ತಕದ ವ್ಯಾಖ್ಯೆಗಳನ್ನು ಬದಿಗಿಟ್ಟು ನೇರ ವಿಷಯಕ್ಕೆ ಬರುತ್ತೇನೆ.

ಪ್ರಶ್ನೆ: ಮಾಸ್ತರೇ, ನಮ್ಮ ಮನೆಯಲ್ಲಿ ವರ್ಷಕ್ಕಾಗುವಷ್ಟು ಸಾಣಿಕಟ್ಟಾದ ಹರಳುಪ್ಪು ತಂದಿಡುತ್ತೇವೆ. ಜೂನ್ ಬಂತೆಂದರೆ ಭರಣಿಯಲ್ಲಿ ನೀರೊಡೆಯುತ್ತದೆ. ಪ್ಯಾಕೆಟ್ಟಿನ ಪುಡಿಯುಪ್ಪು ಮಾತ್ರ ಹಾಗೇ ಇರುತ್ತದೆ. ಅದು ಉಪ್ಪೇ ಅಲ್ಲ, ಬರೀ ಕೆಮಿಕಲ್ ಅಂತ ಮನೆಯ ಹಿರಿಯರು ಹೇಳುತ್ತಾರೆ. ಯಾವುದು ಶುದ್ಧ? (ಕುಮಟಾ ಕಡೆಯ ಓದುಗರು)

ಉತ್ತರ: ಎರಡೂ ಉಪ್ಪೇ. ಕೆಮಿಕಲ್ ಅನ್ನುವುದಾದರೆ ಎರಡೂ ಕೆಮಿಕಲ್ಲೇ, ನೀರೂ ಕೆಮಿಕಲ್ಲೇ. ಕೇಳಬೇಕಾದ್ದು ಬೇರೆ: ಉಪ್ಪಿನ ಜೊತೆ ಇನ್ನೇನು ಸೇರಿದೆ?

ಕಡಲ ನೀರಿನಲ್ಲಿ ಕರಗಿರುವುದು ಒಂದೇ ಲವಣ ಅಲ್ಲ. 1 ಕೆಜಿ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುತ್ತವೆ. ಅದರಲ್ಲಿ ಮುಕ್ಕಾಲಿಗಿಂತ ತುಸು ಜಾಸ್ತಿ ನಾವು ಅಡುಗೆಗೆ ಹಾಕುವ ಸೋಡಿಯಂ ಕ್ಲೋರೈಡ್. ಉಳಿದದ್ದು ಮೆಗ್ನೀಸಿಯಂ ಕ್ಲೋರೈಡ್, ಮೆಗ್ನೀಸಿಯಂ ಸಲ್ಫೇಟ್, ಜಿಪ್ಸಂ ಅಂತ ಕರೆಯುವ ಕ್ಯಾಲ್ಸಿಯಂ ಸಲ್ಫೇಟ್, ಮತ್ತೆ ಸ್ವಲ್ಪ ಪೊಟ್ಯಾಸಿಯಂ ಲವಣ. ಚಾಲೆಂಜರ್ ಅನ್ನುವ ಹಡಗು ಬೇರೆಬೇರೆ ಸಾಗರಗಳಿಂದ ತಂದ 77 ನೀರಿನ ಮಾದರಿಗಳನ್ನು ವಿಲಿಯಂ ಡಿಟ್ಮಾರ್ ಅನ್ನುವ ರಸಾಯನಶಾಸ್ತ್ರಜ್ಞ ಪರೀಕ್ಷಿಸಿ 1884ರಲ್ಲಿ ವರದಿ ಕೊಟ್ಟ. ಎಲ್ಲಿಯ ನೀರಾದರೂ ಈ ಲವಣಗಳ ಪಾಲು ಒಂದಕ್ಕೊಂದು ಹೆಚ್ಚುಕಡಿಮೆ ಅದೇ ಇರುತ್ತದೆ ಅನ್ನುವುದು ಅದರಿಂದ ಗಟ್ಟಿಯಾಯಿತು. ಹಾಗಂತ ಕಡಲ ನೀರು ಸಂಯುಕ್ತ ಅಲ್ಲ, ಅದು ಮಿಶ್ರಣ. ಯಾಕೆಂದರೆ ಒಟ್ಟು ಲವಣದ ಪ್ರಮಾಣ ಬದಲಾಗುತ್ತಲೇ ಇರುತ್ತದೆ. ಮೇ ತಿಂಗಳಲ್ಲಿ ತದಡಿ ಅಳಿವೆಯ ನೀರು ಬಾಯಿಗಿಟ್ಟರೆ ಕಡಲಿನಷ್ಟೇ ಉಪ್ಪು. ಜುಲೈಯಲ್ಲಿ ಅಘನಾಶಿನಿ ತುಂಬಿ ಹರಿಯುವಾಗ ಅದೇ ಜಾಗದ ನೀರು ಎಷ್ಟೋ ಸಪ್ಪೆ. ಗಜನಿಯಲ್ಲಿ, ಅಂದರೆ ಅಳಿವೆಯ ಉಪ್ಪುನೀರು ನುಗ್ಗುವ ಗದ್ದೆಯಲ್ಲಿ, ಕಗ್ಗ ಭತ್ತ ಬೆಳೆಯುವವರಿಗೆ ಇದು ನನಗಿಂತ ಚೆನ್ನಾಗಿ ಗೊತ್ತು. ಸೋಡಿಯಂ ಕ್ಲೋರೈಡ್ ಹಾಗಲ್ಲ. ಯಾವ ಊರಿನದಾದರೂ 100 ಗ್ರಾಂ ಶುದ್ಧ ಉಪ್ಪಿನಲ್ಲಿ 39.3 ಗ್ರಾಂ ಸೋಡಿಯಂ, 60.7 ಗ್ರಾಂ ಕ್ಲೋರಿನ್. ಈ ಲೆಕ್ಕ ಬದಲಾಗುವುದಿಲ್ಲ. ಸಂಯುಕ್ತ ಅಂದರೆ ಇದು.

ಈಗ ಉಪ್ಪು ತಯಾರಾಗುವ ಆಗರಕ್ಕೆ ಬನ್ನಿ. ಪಾತಿಗೆ ಬಿಟ್ಟ ನೀರು ಬಿಸಿಲಿಗೆ ಆರುತ್ತಾ ಗಟ್ಟಿಯಾಗುತ್ತದೆ. ಈ ಗಟ್ಟಿತನ ಅಳೆಯಲು ಉಪ್ಪಿನ ಉದ್ಯಮದಲ್ಲಿ ಬೋಮೆ ಡಿಗ್ರಿ ಬಳಸುತ್ತಾರೆ. ಆಂತ್ವಾನ್ ಬೋಮೆ ಅನ್ನುವ ಫ್ರೆಂಚ್ ರಸಾಯನಶಾಸ್ತ್ರಜ್ಞ 1768ರಲ್ಲಿ ಮಾಡಿದ ಅಳತೆ ಅದು. ನೀರಿನಲ್ಲಿ ತೇಲುವ ಗಾಜಿನ ಕೊಳವೆ, ಎಷ್ಟು ಮುಳುಗಿತು ಅಂತ ನೋಡಿ ಓದುವುದು, ಅಷ್ಟೇ. ಕಡಲ ನೀರು ಸುಮಾರು 3.5 ಡಿಗ್ರಿ ತೋರಿಸುತ್ತದೆ. 15ರ ಹತ್ತಿರ ಬರುವಾಗ ಜಿಪ್ಸಂ ತಳಕ್ಕೆ ಕೂರಲು ಶುರುವಾಗಿರುತ್ತದೆ. 25 ದಾಟಿದ ಮೇಲೆ ಸೋಡಿಯಂ ಕ್ಲೋರೈಡ್ ಹರಳು ಕಟ್ಟುತ್ತದೆ. ಆಗ ಒಂದು ಲೀಟರ್ ನೀರು 1.2 ಕೆಜಿಗಿಂತ ಜಾಸ್ತಿ ತೂಗುತ್ತದೆ. 29, 30ಕ್ಕೆ ಬರುವಷ್ಟರಲ್ಲಿ ಮೆಗ್ನೀಸಿಯಂ ಲವಣಗಳ ಪಾಲು ಏರಿ ನೀರು ಕಹಿಯಾಗುತ್ತದೆ. ಆ ಕಹಿ ನೀರನ್ನು ಹೊರಗೆ ಬಿಡಬೇಕು. ಎಷ್ಟು ಬಿಟ್ಟರೂ ಹರಳಿನ ಮೈಗೆ, ಸಂದಿಗೆ ಒಂದಿಷ್ಟು ಅಂಟಿಕೊಂಡೇ ಇರುತ್ತದೆ. ರಾಶಿ ಹಾಕಿ ಬಸಿಯಲು ಬಿಟ್ಟಷ್ಟೂ ಅದು ಕಡಿಮೆಯಾಗುತ್ತದೆ.

ನಿಮ್ಮ ಭರಣಿಯಲ್ಲಿ ನೀರೊಡೆಯಲು ಮುಖ್ಯ ಕಾರಣ ಈ ಮೆಗ್ನೀಸಿಯಂ ಕ್ಲೋರೈಡ್. ಗಾಳಿಯ ತೇವಾಂಶ 33 ಶೇಕಡಾ ಇದ್ದರೂ ಸಾಕು, ಅದು ನೀರು ಹೀರಿ ತಾನೇ ಅದರಲ್ಲಿ ಕರಗುತ್ತದೆ. ಶುದ್ಧ ಸೋಡಿಯಂ ಕ್ಲೋರೈಡ್ ಸುಮಾರು 75 ಶೇಕಡಾದವರೆಗೆ ತಡೆದುಕೊಳ್ಳುತ್ತದೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ ತೇವಾಂಶ 75ಕ್ಕಿಂತ ಎಷ್ಟೋ ಮೇಲಿರುತ್ತದೆ, ಹಾಗಾಗಿ ಆಗ ಶುದ್ಧ ಉಪ್ಪೂ ಉಳಿಯುವುದಿಲ್ಲ. ನಂಬಿಕೆ ಬರದಿದ್ದರೆ ಜುಲೈಯಲ್ಲಿ ಪ್ಯಾಕೆಟ್ ಉಪ್ಪನ್ನು ತಟ್ಟೆಯಲ್ಲಿ ಹರವಿ ಇಡೀ ರಾತ್ರಿ ಬಿಡಿ, ಬೆಳಿಗ್ಗೆ ಮುಟ್ಟಿ ನೋಡಿ. ಕಾರ್ಖಾನೆಯ ಉಪ್ಪು ಉದುರುದುರಾಗಿ ಇರುವುದು ಮೆಗ್ನೀಸಿಯಂ ತೆಗೆದಿರುವುದರಿಂದ, ಗಂಟು ಕಟ್ಟದಂತೆ ನಿಗದಿತ ಮಿತಿಯಲ್ಲಿ ಸ್ವಲ್ಪ ಪುಡಿ ಬೆರೆಸಿರುವುದರಿಂದ, ಮತ್ತೆ ಪ್ಯಾಕೆಟ್ ಮುಚ್ಚಿರುವುದರಿಂದ.

ಹಾಗಾದರೆ ಸೋಡಿಯಂ ಕ್ಲೋರೈಡ್ ಲೆಕ್ಕದಲ್ಲಿ ಪ್ಯಾಕೆಟ್ ಉಪ್ಪೇ ಜಾಸ್ತಿ ಶುದ್ಧ. ಹರಳುಪ್ಪಿನಲ್ಲಿರುವುದು ಕಲಬೆರಕೆಯಲ್ಲ, ಕಡಲಿನದ್ದೇ ಬೇರೆ ಲವಣಗಳು. ಆದರೆ ಒಂದು ವಿಷಯ ಗಟ್ಟಿಯಾಗಿ ಹೇಳಲೇಬೇಕು. ಕಡಲಿನ ಉಪ್ಪಿನಲ್ಲಿ ಅಯೋಡಿನ್ ತಾನಾಗೇ ಸಾಕಷ್ಟಿರುತ್ತದೆ ಅನ್ನುವುದು ತಪ್ಪು ತಿಳುವಳಿಕೆ. ಹರಳು ಕಟ್ಟುವಾಗ ಅದರಲ್ಲಿ ಉಳಿಯುವುದು ಲೆಕ್ಕಕ್ಕೆ ಬಾರದಷ್ಟು. ಅಯೋಡಿನ್ ಉಪ್ಪು ಅಂತ ಮಾರುವಾಗ ನಮ್ಮ ಕೈಗೆ ಬರುವ ಹೊತ್ತಿಗೆ ಕೆಜಿಗೆ ಕನಿಷ್ಠ 15 ಮಿಲಿಗ್ರಾಂ ಅಯೋಡಿನ್ ಇರಬೇಕೆಂದು ನಿಯಮವಿದೆ, ಅದಕ್ಕಾಗಿ ಪೊಟ್ಯಾಸಿಯಂ ಅಯೋಡೇಟ್ ಬೆರೆಸುತ್ತಾರೆ. ಮನೆಯಲ್ಲಿ ಗರ್ಭಿಣಿಯರು, ಮಕ್ಕಳು ಇದ್ದರೆ ದಿನದ ಅಡುಗೆಗೆ ಅಯೋಡಿನ್ ಉಪ್ಪು ಹಾಕಿ. ಹರಳುಪ್ಪು ಉಪ್ಪಿನಕಾಯಿಗೆ, ಮೀನು ಒಣಗಿಸಲಿಕ್ಕೆ ಇರಲಿ.

ಹರಳುಪ್ಪನ್ನು ಮನೆಯಲ್ಲೇ ಸ್ವಲ್ಪ ಶುದ್ಧ ಮಾಡಬಹುದು. ಶುದ್ಧ ಉಪ್ಪನ್ನು ಇನ್ನು ಕರಗದು ಅನ್ನುವಷ್ಟು ನೀರಿಗೆ ಹಾಕಿ, 100 ಗ್ರಾಂ ನೀರಿಗೆ ಸುಮಾರು 36 ಗ್ರಾಂ ಹಿಡಿಯುತ್ತದೆ. ಆ ನೀರಿನಲ್ಲಿ ಹರಳುಪ್ಪನ್ನು ತೊಳೆದು ಬಸಿಯಿರಿ. ಆ ನೀರಿನಲ್ಲಿ ಇನ್ನಷ್ಟು ಸೋಡಿಯಂ ಕ್ಲೋರೈಡ್ ಕರಗಲು ಜಾಗವಿಲ್ಲ, ಮೆಗ್ನೀಸಿಯಂ ಲವಣ ಮಾತ್ರ ಕರಗಿ ಹೋಗುತ್ತದೆ. ಒಣಗಿಸಿ ಭರಣಿಗೆ ಹಾಕಿ ಒಲೆಯ ಹತ್ತಿರ ಇಡಿ.

ಇನ್ನೊಂದು ಮಾತು, ಶಾಲೆಯ ಮಕ್ಕಳಿಗಾಗಿ. 1 ಲೀಟರ್ ಕಡಲ ನೀರು ಕುದಿಸಿ ಆರಿಸಿ ಉಳಿದದ್ದನ್ನು ತೂಗಿದರೆ 35 ಗ್ರಾಮಿನ ಆಸುಪಾಸು ಬರಬೇಕು. ಆದರೆ ತಕ್ಕಡಿ ಅದಕ್ಕಿಂತ ಜಾಸ್ತಿಯೇ ತೋರಿಸಬಹುದು. ಮೆಗ್ನೀಸಿಯಂ ಕ್ಲೋರೈಡ್ ತನ್ನ ಪಾಲಿನ ನೀರನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ, ನೀವು ತೂಗುವುದರಲ್ಲಿ ಆ ನೀರೂ ಸೇರಿರುತ್ತದೆ. ಈ ತೊಂದರೆಯಿಂದಾಗಿಯೇ ವಿಜ್ಞಾನಿಗಳು ಆರಿಸಿ ತೂಗುವ ದಾರಿ ಬಿಟ್ಟರು. ಈಗ ನೀರಿನಲ್ಲಿ ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆ ಅಂತ ಅಳೆದು ಲವಣಾಂಶ ಲೆಕ್ಕ ಹಾಕುತ್ತಾರೆ.

ಪ್ರಶ್ನೆ: ಸರ್, ನಮ್ಮ ಪ್ರೌಢಶಾಲೆಗೆ ಹೊಸ ಥರ್ಮಾಮೀಟರ್‌ಗಳು ಬಂದಿವೆ. ಕುದಿಯುವ ನೀರಿನಲ್ಲಿ ಎಲ್ಲವೂ 98 ಡಿಗ್ರಿಯ ಹತ್ತಿರವೇ ನಿಲ್ಲುತ್ತವೆ. ಪುಸ್ತಕದಲ್ಲಿ 100 ಅಂತಿದೆ. ವಾಪಸ್ ಕಳಿಸಬೇಕಾ? (ಶಿರಸಿಯ ವಿಜ್ಞಾನ ಶಿಕ್ಷಕಿ)

ಉತ್ತರ: ದಯವಿಟ್ಟು ಕಳಿಸಬೇಡಿ ಅಕ್ಕೋರೇ, ಅವು ನಿಜವನ್ನೇ ಹೇಳುತ್ತಿವೆ. 100 ಡಿಗ್ರಿ ಅನ್ನುವುದು ಸಮುದ್ರಮಟ್ಟದ ಗಾಳಿಯ ಒತ್ತಡದಲ್ಲಿ ಮಾತ್ರ. ಶಿರಸಿ ಇರುವುದು ಸುಮಾರು 600 ಮೀಟರ್ ಎತ್ತರದಲ್ಲಿ. ಅಲ್ಲಿ ಮೇಲಿರುವ ಗಾಳಿ ಕಡಿಮೆ, ಒತ್ತಡ ಆರೇಳು ಶೇಕಡಾ ಕಡಿಮೆ, ನೀರು ಬೇಗ ಕುದಿಯುತ್ತದೆ. ಪ್ರತಿ 300 ಮೀಟರಿಗೆ ಸುಮಾರು 1 ಡಿಗ್ರಿ ಇಳಿಯುತ್ತದೆ ಅಂತ ಲೆಕ್ಕ ಹಿಡಿದರೆ 98 ಸರಿಯಾಗಿ ಬಂತಲ್ಲ. ಆಂಡರ್ಸ್ ಸೆಲ್ಸಿಯಸ್ 1742ರಲ್ಲಿ ಈ ಅಳತೆ ಮುಂದಿಟ್ಟಾಗಲೇ ಕುದಿಯುವ ಬಿಂದು ಗಾಳಿಯ ಒತ್ತಡವನ್ನು ಅವಲಂಬಿಸಿದೆ ಅಂತ ಗಮನಿಸಿದ್ದ. (ಅವನ ಅಳತೆಯಲ್ಲಿ ಕುದಿಯುವುದು 0, ಹೆಪ್ಪುಗಟ್ಟುವುದು 100 ಇತ್ತು. ಆಮೇಲೆ ತಿರುಗಿಸಿದರು.)

ಥರ್ಮಾಮೀಟರ್ ಪರೀಕ್ಷಿಸಬೇಕು ಅಂದರೆ ಕರಗುತ್ತಿರುವ ಮಂಜುಗಡ್ಡೆಯಲ್ಲಿಡಿ. ಎತ್ತರ ಬದಲಾದರೂ ಮಂಜು ಕರಗುವ ಬಿಂದು ಬದಲಾಗುವುದು ತೀರಾ ಸ್ವಲ್ಪ. ಅಲ್ಲಿ 0 ತೋರಿಸಿ ಕುದಿಯುವಲ್ಲಿ 98 ತೋರಿಸಿದರೆ ಉಪಕರಣ ಒಳ್ಳೆಯದು. ಮಕ್ಕಳು ಪ್ರವಾಸಕ್ಕೆ ಕುಮಟಾಕ್ಕೋ ಕಾರವಾರಕ್ಕೋ ಇಳಿಯುವಾಗ ಅದೇ ಥರ್ಮಾಮೀಟರ್ ಒಯ್ದು ಅಲ್ಲಿ ನೀರು ಕುದಿಸಿ ನೋಡಲಿ. ದೇವಿಮನೆ ಘಟ್ಟ ಇಳಿದಿದ್ದಕ್ಕೆ 2 ಡಿಗ್ರಿ ಏರಿದ್ದು ಕಣ್ಣಿಗೆ ಕಂಡರೆ ಯಾವ ಮಗುವೂ ಮರೆಯುವುದಿಲ್ಲ.

ಪ್ರಶ್ನೆ: ಮಾಸ್ತರೇ, ಅಡಿಕೆಯ ಕೊಳೆರೋಗಕ್ಕೆ ನಾವು ಯಾವಾಗಲೂ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು ಹಾಕಿ ಬೋರ್ಡೋ ಮದ್ದು ಮಾಡುತ್ತೇವೆ. ಈ ಸಲ ಹಿಂದಿನ ವರ್ಷದ ಚೀಲದಲ್ಲಿ ಉಳಿದ ಸುಣ್ಣ ಹಾಕಿದೆವು. ಕತ್ತಿ ಅದ್ದಿ ನೋಡಿದರೆ ಕೆಂಪಾಯಿತು. ತೂಕ ಸರಿಯಾಗೇ ಇತ್ತು. ಹೀಗೇಕೆ? (ಸಿದ್ದಾಪುರ ಸೀಮೆಯ ಬೆಳೆಗಾರರು)

ಉತ್ತರ: ತೂಕ ಸರಿ ಇತ್ತು, ಆದರೆ ತೂಗಿದ್ದು ಸುಣ್ಣವನ್ನಲ್ಲ. ಬಿಡಿಸಿ ಹೇಳುತ್ತೇನೆ, ಇದು ನನಗೆ ತುಂಬಾ ಇಷ್ಟದ ವಿಷಯ.

ಚಿಪ್ಪಾಗಲಿ ಸುಣ್ಣಕಲ್ಲಾಗಲಿ ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್. 100 ಗ್ರಾಂ ಕಾರ್ಬೊನೇಟನ್ನು ಗೂಡಿನಲ್ಲಿ 900 ಡಿಗ್ರಿಯ ಆಸುಪಾಸಿನಲ್ಲಿ ಪೂರ್ತಿ ಸುಟ್ಟರೆ 44 ಗ್ರಾಂ ಇಂಗಾಲದ ಡೈಆಕ್ಸೈಡ್ ಗಾಳಿಗೆ ಹೋಗಿ 56 ಗ್ರಾಂ ಸುಟ್ಟ ಸುಣ್ಣ ಉಳಿಯುತ್ತದೆ. ಅದಕ್ಕೆ ನೀರು ಹಾಕಿದರೆ ಬುಸುಗುಟ್ಟಿ ಕುದಿದು 18 ಗ್ರಾಂ ನೀರನ್ನು ತನ್ನೊಳಗೆ ಸೇರಿಸಿಕೊಂಡು 74 ಗ್ರಾಂ ಅರಳಿದ ಸುಣ್ಣ ಆಗುತ್ತದೆ. ಇದು ಬೋರ್ಡೋಗೆ ಬೇಕಾದ ಸುಣ್ಣ. ಈ ಸುಣ್ಣವನ್ನು ಚೀಲದಲ್ಲಿ ಬಾಯಿ ಬಿಟ್ಟಿಟ್ಟರೆ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಮತ್ತೆ ಹೀರುತ್ತದೆ, ನೀರು ಬಿಡುತ್ತದೆ, ಕೊನೆಗೆ ಮತ್ತೆ 100 ಗ್ರಾಂ ಕಾರ್ಬೊನೇಟ್. ಎಲ್ಲಿಂದ ಹೊರಟಿತ್ತೋ ಅಲ್ಲಿಗೇ ಬಂತು. ಒಂದು ಗ್ರಾಂ ಕೂಡ ಎಲ್ಲೂ ಕಳೆದುಹೋಗಲಿಲ್ಲ. ನೋಡಲು ಅದೇ ಬಿಳಿ ಪುಡಿ. ಚೀಲದ ತೂಕ ಹೆಚ್ಚೇ ಆಗಿರುತ್ತದೆ. ಆದರೆ ಕಸುವು ಹೋಗಿರುತ್ತದೆ.

ಈಗ ಲೆಕ್ಕ ನೋಡಿ. ಮೈಲುತುತ್ತದ ಹರಳು ಬರೀ ತಾಮ್ರದ ಸಲ್ಫೇಟ್ ಅಲ್ಲ. ಅದರ ತೂಕದಲ್ಲಿ 36 ಶೇಕಡಾ ನೀರೇ ಇದೆ, ಹರಳಿನೊಳಗೆ ಕಟ್ಟಿಕೊಂಡ ನೀರು. ತಾಮ್ರ ಇರುವುದು ಕಾಲುಭಾಗ, 1 ಕೆಜಿಗೆ ಸುಮಾರು 254 ಗ್ರಾಂ. ರಸಾಯನಶಾಸ್ತ್ರದಲ್ಲಿ ಎಣಿಕೆಗೆ ಮೋಲ್ ಅನ್ನುವ ಮಾನ ಇದೆ. ಒಂದು ಮೋಲ್ ಅಂದರೆ 6.02214076 ಅನ್ನು ಹತ್ತರ ಇಪ್ಪತ್ಮೂರನೇ ಘಾತದಿಂದ ಗುಣಿಸಿದಷ್ಟು ಕಣಗಳು. ಒಂದು ಮೋಲ್ ಮೈಲುತುತ್ತ ಸುಮಾರು 250 ಗ್ರಾಂ ತೂಗುತ್ತದೆ, ಹಾಗಾಗಿ 1 ಕೆಜಿ ಅಂದರೆ 4 ಮೋಲ್. ಅದಕ್ಕೆ ಜೋಡಿಯಾಗಲು 4 ಮೋಲ್ ಅರಳಿದ ಸುಣ್ಣ ಬೇಕು, ಅದರ ಒಂದು ಮೋಲ್ 74 ಗ್ರಾಂ, ಅಂದರೆ 4 ಸಲ 74, ಸುಮಾರು 296 ಗ್ರಾಂ. ಹೌದು, ಸುಣ್ಣ ಪೂರ್ತಿ ಶುದ್ಧವಾಗಿದ್ದರೆ 300 ಗ್ರಾಂ ಸಾಕು! ನಾವು 1 ಕೆಜಿ ಹಾಕುವುದು ಯಾಕೆಂದರೆ ಸಿಗುವ ಸುಣ್ಣದಲ್ಲಿ ಮಣ್ಣು, ಬೇಯದ ಚೂರು, ಹಳತಾದ ಪಾಲು ಎಲ್ಲ ಇರುತ್ತದೆ, ಮತ್ತೆ ಸುಣ್ಣ ತುಸು ಜಾಸ್ತಿ ಇದ್ದರೆ ಎಳೆಗಾಯಿಗೆ ತೊಂದರೆ ಇಲ್ಲ, ತಾಮ್ರ ಜಾಸ್ತಿ ಆದರೆ ಸುಡುತ್ತದೆ. ನಿಮ್ಮ ಕತ್ತಿ ಕೆಂಪಾಯಿತು ಅಂದರೆ ಆ 1 ಕೆಜಿಯಲ್ಲಿ 300 ಗ್ರಾಮಿನಷ್ಟೂ ಕಸುವಿನ ಸುಣ್ಣ ಇರಲಿಲ್ಲ, ಅಥವಾ ಗಂಟುಗಂಟಾಗಿದ್ದು ನೀರಿಗೆ ಸರಿಯಾಗಿ ಬೆರೆತಿರಲಿಲ್ಲ.

ಕತ್ತಿಯ ಪರೀಕ್ಷೆ ಶುದ್ಧ ರಸಾಯನಶಾಸ್ತ್ರ. ದ್ರಾವಣದಲ್ಲಿ ಬಿಡಿಯಾಗಿ ತಾಮ್ರ ಉಳಿದಿದ್ದರೆ ಕಬ್ಬಿಣ ಕರಗಿ ತಾಮ್ರವನ್ನು ಹೊರಗೆ ತಳ್ಳುತ್ತದೆ. ಆ ತಾಮ್ರ ಕತ್ತಿಯ ಮೇಲೆ ಕೂತದ್ದೇ ಕೆಂಪು. ಈ ಕಾರಣಕ್ಕೇ ಮೈಲುತುತ್ತವನ್ನು ಕಬ್ಬಿಣದ ಡ್ರಮ್ಮಿನಲ್ಲಿ ಕರಗಿಸಬಾರದು, ಪ್ಲಾಸ್ಟಿಕ್ ಅಥವಾ ಮಣ್ಣಿನ ಪಾತ್ರೆ ಬೇಕು. ಕೆಂಪಾದರೆ ಹೊಸ ಸುಣ್ಣದ ತಿಳಿಯನ್ನು ಸ್ವಲ್ಪ ಸ್ವಲ್ಪ ಸೇರಿಸಿ ಕಲಕಿ, ಕತ್ತಿ ಚೆನ್ನಾಗಿ ಉಜ್ಜಿ ಮತ್ತೆ ಅದ್ದಿ. ಬಣ್ಣ ಹತ್ತದಿದ್ದ ಮೇಲೆಯೇ ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡನ ಕೈಗೆ ಕೊಡಿ. ಆ ದಿನ ಮಾಡಿದ್ದನ್ನು ಆ ದಿನವೇ ಹೊಡೆದು ಮುಗಿಸಿ.

ಮುಂದಿನ ಸಲ ಸುಣ್ಣವನ್ನು ಮೊದಲೇ ಪರೀಕ್ಷಿಸಿ. ಒಂದು ಚಿಟಿಕೆ ಸುಣ್ಣಕ್ಕೆ ನಿಂಬೆರಸ ಅಥವಾ ವಿನಿಗರ್ ಹಾಕಿ. ಜೋರಾಗಿ ನೊರೆ ಎದ್ದರೆ ಅದು ಕಾರ್ಬೊನೇಟ್, ಹಳೆಯ ಸುಣ್ಣ. ಒಳ್ಳೆಯ ಸುಣ್ಣ ನೊರೆಯಿಲ್ಲದೆ ಕರಗುತ್ತದೆ. ಉಳಿದದ್ದನ್ನು ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿಡಿ. ಸುಟ್ಟ ಸುಣ್ಣಕ್ಕೆ ನೀರು ಹಾಕುವಾಗ ಮುಖ ಬಗ್ಗಿಸಬೇಡಿ, ಕಣ್ಣಿಗೆ ಹಾರಿದರೆ ಕಣ್ಣೇ ಹೋಗಬಹುದು.

ಈ ಮದ್ದಿನ ಹುಟ್ಟೂ ಚಂದ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕದಿಯದಿರಲಿ ಅಂತ ದಾರಿಬದಿಯ ಬಳ್ಳಿಗಳಿಗೆ ತಾಮ್ರ, ಸುಣ್ಣದ ನೀರು ಬಳಿಯುತ್ತಿದ್ದರು. ಆ ಬಳ್ಳಿಗಳಿಗೆ ರೋಗ ಬಾರದ್ದನ್ನು ಕಂಡ ಮಿಲಾರ್ಡೆ ಅನ್ನುವ ಸಸ್ಯಶಾಸ್ತ್ರಜ್ಞ ಅಳತೆ ಗೊತ್ತುಮಾಡಿ 1885ರಲ್ಲಿ ಪ್ರಕಟಿಸಿದ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರ ಹೊತ್ತಿಗೆ ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ ಇದೇ ಮದ್ದನ್ನು ನಮ್ಮ ತೋಟಗಳಿಗೆ ತಂದರು.

ಪ್ರಶ್ನೆ: ಬೆಂಕಿ, ಬೆಳಕು, ಶಬ್ದ ಇವೆಲ್ಲ ದ್ರವ್ಯವಾ? (ಭಟ್ಕಳದ ಏಳನೇ ತರಗತಿ ಹುಡುಗ)

ಉತ್ತರ: ತೂಕ ಇರಬೇಕು, ಜಾಗ ಹಿಡಿಯಬೇಕು, ಆಗ ದ್ರವ್ಯ. ಬೆಳಕು ದ್ರವ್ಯ ಅಲ್ಲ. ಶಬ್ದ ಅಂದರೆ ಗಾಳಿಯ ಅದುರಾಟ, ಗಾಳಿ ದ್ರವ್ಯ, ಅದುರಾಟ ಅಲ್ಲ. ಬೆಂಕಿಯ ಜ್ವಾಲೆಯಲ್ಲಿ ಬಿಸಿ ಅನಿಲ, ಮಸಿಯ ಕಣ ಇರುತ್ತವೆ, ಅವು ದ್ರವ್ಯ. ಅದರಿಂದ ಬರುವ ಬೆಳಕು, ಕಾವು ಅಲ್ಲ. ಒಳ್ಳೇ ಪ್ರಶ್ನೆ ಮರೀ, ಹೀಗೇ ಕೇಳುತ್ತಾ ಇರು.

ಪ್ರಶ್ನೆ: 1 ಲೀಟರ್ ಅಂತ ಬರೆದ ಎಣ್ಣೆ ಪ್ಯಾಕೆಟ್ ತೂಗಿದರೆ 900 ಚಿಲ್ಲರೆ ಗ್ರಾಂ. ಪ್ಯಾಕೆಟ್ ಮೇಲೂ ಸಣ್ಣಗೆ 910 ಗ್ರಾಂ ಅಂತಿದೆ. ಉಳಿದ 90 ಗ್ರಾಂ ನಮಗೆ ಮೋಸ ಅಲ್ವಾ? (ಹೊನ್ನಾವರದ ಗೃಹಿಣಿ)

ಉತ್ತರ: ಇದು ಮೋಸ ಅಲ್ಲ. ಲೀಟರ್ ಹೇಳುವುದು ಎಷ್ಟು ಜಾಗ ಹಿಡಿಯಿತು ಅಂತ, ಗ್ರಾಂ ಹೇಳುವುದು ಎಷ್ಟು ವಸ್ತು ಇದೆ ಅಂತ. 1 ಲೀಟರ್ 1 ಕೆಜಿ ಆಗುವುದು ನೀರಿಗೆ, ಅದೂ ಹತ್ತಿರ ಹತ್ತಿರ. ಅಡುಗೆ ಎಣ್ಣೆ ನೀರಿಗಿಂತ ಹಗುರ, ಲೀಟರಿಗೆ 910, 920 ಗ್ರಾಂ. ಅದಕ್ಕೇ ಸಾರಿನ ಮೇಲೆ ತೇಲುತ್ತದೆ. ಕಡಲ ನೀರು ಲೀಟರಿಗೆ 1025 ಗ್ರಾಂ, ಜೇನುತುಪ್ಪ ಸುಮಾರು 1400. ಒಂದು ವಸ್ತುವಿನ ತೂಕವನ್ನು ಅದು ಹಿಡಿದ ಜಾಗದಿಂದ ಭಾಗಿಸಿದರೆ ಸಿಗುವ ಈ ಸಂಖ್ಯೆಯೇ ಸಾಂದ್ರತೆ. ಒಂದು ಚಮಚ ತೆಗೆದುಕೊಳ್ಳಿ, ಒಂದು ಡಬ್ಬಿ ತೆಗೆದುಕೊಳ್ಳಿ, ಎಣ್ಣೆಯ ಸಾಂದ್ರತೆ ಅದೇ.

ಆದರೆ ನೀವು ಅನುಮಾನ ಪಟ್ಟಿದ್ದರಲ್ಲಿ ಹುರುಳಿದೆ. ಎಣ್ಣೆ ಬಿಸಿಯಾದರೆ ಹಿಗ್ಗುತ್ತದೆ. ಸೋಯಾ ಎಣ್ಣೆ 21 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 919 ಗ್ರಾಂ ಇದ್ದರೆ 60 ಡಿಗ್ರಿಯಲ್ಲಿ ಸುಮಾರು 893 ಗ್ರಾಂ. ಕೆಲವು ಪ್ಯಾಕೆಟ್‌ಗಳ ಮೇಲೆ 60 ಡಿಗ್ರಿಯಲ್ಲಿ 1 ಲೀಟರ್ ಅಂತ ಬರೆಯುತ್ತಿದ್ದರು. ನಮ್ಮ ಅಡುಗೆಮನೆ 60 ಡಿಗ್ರಿ ಇರುವುದಿಲ್ಲ, ಕೈಗೆ ಬರುವ ಎಣ್ಣೆ ಲೀಟರಿಗಿಂತ ಕಡಿಮೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಆಗಸ್ಟಿನಲ್ಲಿ ಉಷ್ಣಾಂಶ ಬರೆಯುವುದನ್ನು ಬಿಟ್ಟು ಲೀಟರಿನ ಜೊತೆ ಗ್ರಾಂ ಕೂಡ ಬರೆಯಬೇಕು ಅಂತ ಹೇಳಿದ್ದು ಇದಕ್ಕೇ. ಹಾಗಾಗಿ ಎರಡು ಪ್ಯಾಕೆಟ್ ಹೋಲಿಸುವಾಗ ಲೀಟರ್ ನೋಡಬೇಡಿ, ಗ್ರಾಂ ನೋಡಿ. ಉಷ್ಣಾಂಶ ಬದಲಾದರೂ ಗ್ರಾಂ ಬದಲಾಗುವುದಿಲ್ಲ.

ತೆಂಗಿನೆಣ್ಣೆಗೂ ಇದೇ ಮಾತು. ಅದು 24 ಡಿಗ್ರಿಯ ಆಸುಪಾಸಿನಲ್ಲಿ ಗಟ್ಟಿಯಾಗುತ್ತದೆ, ಅದಕ್ಕೇ ಡಿಸೆಂಬರಿನಲ್ಲಿ ಶಿರಸಿಯ ನೆಂಟರ ಮನೆಯ ಬಾಟಲಿಯಲ್ಲಿ ಬೆಳ್ಳಗೆ ಕೂತದ್ದು ಹೊನ್ನಾವರದಲ್ಲಿ ಹೆಚ್ಚಿನ ದಿನ ತೆಳ್ಳಗೇ ಇರುತ್ತದೆ. ಗಟ್ಟಿಯಾದಾಗ ಕುಗ್ಗುತ್ತದೆ, ಬಾಟಲಿ ತುಂಬದ ಹಾಗೆ ಕಾಣುತ್ತದೆ. ತೂಗಿ ನೋಡಿ, ಅಷ್ಟೇ ಇರುತ್ತದೆ. ಇದು ಕಲಬೆರಕೆಯ ಗುರುತಲ್ಲ, ವಸ್ತುವೂ ಬದಲಾಗಿಲ್ಲ, ಬರೀ ಸ್ಥಿತಿ ಬದಲಾಗಿದೆ.

ಪ್ರಶ್ನೆ: ಸರ್, ಟೈಟ್ರೇಶನ್‌ನಲ್ಲಿ (ದ್ರಾವಣವನ್ನು ಹನಿಹನಿಯಾಗಿ ಹಾಕಿ ಅಳೆಯುವ ಪ್ರಯೋಗ) ಬ್ಯುರೆಟ್ (ಅಳತೆಯ ಗೆರೆಗಳಿರುವ ಗಾಜಿನ ಕೊಳವೆ) ರೀಡಿಂಗ್ ಸರಿಯಾಗಿ 25ಕ್ಕೆ ಬಂತು. 25 ಅಂತ ಬರೆದೆ. 25.0 ಬರೆಯಬೇಕಿತ್ತು ಅಂತ ಮಾರ್ಕ್ ಕಡಿಮೆ ಮಾಡಿದರು. ಎರಡೂ ಒಂದೇ ತಾನೇ? (ಕಾರವಾರದ ಪಿಯುಸಿ ವಿದ್ಯಾರ್ಥಿನಿ)

ಉತ್ತರ: ಗಣಿತದಲ್ಲಿ ಒಂದೇ ತಂಗೀ, ಅಳತೆಯಲ್ಲಿ ಅಲ್ಲ. 25 ಮಿಲಿಲೀಟರ್ ಅಂತ ಬರೆದರೆ ಅದು 24.5ರಿಂದ 25.5ರೊಳಗೆ ಎಲ್ಲಾದರೂ ಇರಬಹುದು ಅಂತ ಓದುತ್ತಾರೆ. 25.0 ಅಂದರೆ 24.95ರಿಂದ 25.05ರೊಳಗೆ. ನಿನ್ನ ಬ್ಯುರೆಟ್‌ನಲ್ಲಿ 0.1 ಮಿಲಿಲೀಟರಿಗೆ ಒಂದೊಂದು ಗೆರೆ ಇದೆ. ಅಷ್ಟು ಸೂಕ್ಷ್ಮವಾಗಿ ನೋಡಿ ಅಳೆದವಳು ನೀನು. ಆ ಸೊನ್ನೆ ಬಿಟ್ಟರೆ ನಿನ್ನ ಕೆಲಸವನ್ನು ನೀನೇ ಕಡಿಮೆ ಮಾಡಿ ಹೇಳಿದ ಹಾಗಾಗುತ್ತದೆ. ಉಲ್ಟಾ ತಪ್ಪೂ ಇದೆ: ಕ್ಯಾಲ್ಕುಲೇಟರ್ 0.0984251 ಅಂತ ತೋರಿಸಿತು ಅಂತ ಅಷ್ಟನ್ನೂ ಸುಮ್ನೆ ಇಳಿಸಿಕೊಳ್ಳುವುದು. ಬ್ಯುರೆಟ್ ಮೂರು ಅಂಕಿ ಕೊಟ್ಟಿದ್ದರೆ ಉತ್ತರವೂ 0.0984 ಅಷ್ಟೇ.

ಮೂರು ಸಲ ಅಳೆದಾಗ ಮೂರೂ ಹತ್ತಿರ ಹತ್ತಿರ ಬಂದರೆ ಅಳತೆ ಸರಿ ಅಂತ ತಿಳಿಯಬೇಡ. ಬ್ಯುರೆಟ್ಟಿನ ತುದಿಯಲ್ಲಿ ಗಾಳಿಗುಳ್ಳೆ ಇದ್ದರೆ, ನೀನು ಮೇಲಿನಿಂದ ಬಗ್ಗಿ ಓದಿದ್ದರೆ, ಮೂರೂ ಸಲ ಒಂದೇ ರೀತಿ ತಪ್ಪಬಹುದು. ಕಣ್ಣು ದ್ರಾವಣದ ಮಟ್ಟಕ್ಕೇ ಇರಲಿ.

ಸಂಖ್ಯೆಯ ಜೊತೆ ಮಾನ ಬರೆಯುವುದನ್ನೂ ಬಿಡಬೇಡ. 1983ರ ಜುಲೈ 23ರಂದು ಕೆನಡಾದಲ್ಲಿ ಒಂದು ಬೋಯಿಂಗ್ 767 ವಿಮಾನಕ್ಕೆ 22,300 ಕೆಜಿ ಇಂಧನ ಬೇಕಿತ್ತು. ಟ್ಯಾಂಕಿನಲ್ಲಿ ಅಳೆದದ್ದು ಲೀಟರಿನಲ್ಲಿ. ಅದನ್ನು ಕೆಜಿಗೆ ತಿರುಗಿಸಲು 0.803ರಿಂದ ಗುಣಿಸಬೇಕಿತ್ತು. ಅವರು 1.77ರಿಂದ ಗುಣಿಸಿದರು, ಅದು ಲೀಟರಿಗೆ ಎಷ್ಟು ಪೌಂಡ್ ಅನ್ನುವ ಸಂಖ್ಯೆ. ಬೇಕಾದ್ದರಲ್ಲಿ ಅರ್ಧಕ್ಕಿಂತ ಕಡಿಮೆ ಇಂಧನದಲ್ಲಿ ವಿಮಾನ ಹಾರಿತು, ನಡುದಾರಿಯಲ್ಲಿ ಎರಡೂ ಎಂಜಿನ್ ನಿಂತವು. ಪೈಲಟ್‌ಗಳು ಅದನ್ನು ತೇಲಿಸಿಕೊಂಡು ಹೋಗಿ ಗಿಮ್ಲಿ ಅನ್ನುವಲ್ಲಿ ಹಳೆಯ ವಾಯುನೆಲೆಯಲ್ಲಿ ಇಳಿಸಿದರು, ಯಾರೂ ಸಾಯಲಿಲ್ಲ. ಲೆಕ್ಕ ತಪ್ಪಿದ್ದು ಗುಣಾಕಾರದಲ್ಲಲ್ಲ, ಮಾನದಲ್ಲಿ.

ಪ್ರಶ್ನೆ: ಕೈಗಾ ಅಣುವಿದ್ಯುತ್ ಸ್ಥಾವರದಲ್ಲಿ ಭಾರಜಲ ಬಳಸುತ್ತಾರಂತೆ. ನೀರು ಅಂದಮೇಲೆ ನೀರೇ ಅಲ್ವಾ, ಅದು ಹೇಗೆ ಭಾರ? ಕುಡಿದರೆ ಏನಾಗುತ್ತದೆ? (ಕಾರವಾರದ ಓದುಗರು)

ಉತ್ತರ: ನೀರಿನ ಅಣುವಿನಲ್ಲಿ ಎರಡು ಹೈಡ್ರೋಜನ್, ಒಂದು ಆಮ್ಲಜನಕ. ಸಾಮಾನ್ಯ ಹೈಡ್ರೋಜನ್ನಿನ ಬೀಜದಲ್ಲಿ ಒಂದು ಪ್ರೋಟಾನ್ ಮಾತ್ರ. ಡ್ಯೂಟೀರಿಯಂ ಅನ್ನುವ ಅದರ ಇನ್ನೊಂದು ರೂಪದಲ್ಲಿ ಪ್ರೋಟಾನ್ ಜೊತೆ ಒಂದು ನ್ಯೂಟ್ರಾನ್ ಕೂಡ ಇರುತ್ತದೆ. ಎರಡೂ ಹೈಡ್ರೋಜನ್ನೇ, ಡ್ಯೂಟೀರಿಯಂ ಮಾತ್ರ ದುಪ್ಪಟ್ಟು ಭಾರ. ಹಾಗಾಗಿ ಸಾಮಾನ್ಯ ನೀರಿನ ಅಣುಭಾರ 18 ಇದ್ದರೆ ಭಾರಜಲದ್ದು 20. ಒಂದು ಲೀಟರ್ ಸುಮಾರು 1.1 ಕೆಜಿ ತೂಗುತ್ತದೆ, 3.8 ಡಿಗ್ರಿಗೇ ಹೆಪ್ಪುಗಟ್ಟುತ್ತದೆ, 101.4ಕ್ಕೆ ಕುದಿಯುತ್ತದೆ. ಅದರ ಮಂಜುಗಡ್ಡೆಯನ್ನು ನಮ್ಮ ನೀರಿಗೆ ಹಾಕಿದರೆ ತೇಲುವುದಿಲ್ಲ, ಮುಳುಗುತ್ತದೆ.

ಇದು ಎಲ್ಲೋ ತಯಾರಾದ ಹೊಸ ವಸ್ತು ಅಲ್ಲ. ಕಾಳಿ ನದಿಯ ನೀರಿನಲ್ಲೂ, ನಿಮ್ಮ ಬಾವಿಯ ನೀರಿನಲ್ಲೂ ಸುಮಾರು 6,400 ಹೈಡ್ರೋಜನ್ ಪರಮಾಣುಗಳಿಗೆ ಒಂದು ಡ್ಯೂಟೀರಿಯಂ ಇದ್ದೇ ಇದೆ. ಅಷ್ಟರಿಂದ ಬೇರ್ಪಡಿಸಿ 99.75 ಶೇಕಡಾದವರೆಗೆ ಶುದ್ಧ ಮಾಡಬೇಕು, ಖರ್ಚು ಇರುವುದು ಅಲ್ಲಿ. ಕೈಗಾದ 220 ಮೆಗಾವಾಟಿನ 4 ಘಟಕಗಳಲ್ಲಿ ಇದು ನ್ಯೂಟ್ರಾನುಗಳ ವೇಗ ತಗ್ಗಿಸಲು ಮತ್ತು ಕಾವನ್ನು ಸಾಗಿಸಲು ಬೇಕು. ಸಾಮಾನ್ಯ ನೀರು ಬಹಳಷ್ಟು ನ್ಯೂಟ್ರಾನುಗಳನ್ನು ನುಂಗಿಬಿಡುತ್ತದೆ, ಆಗ ಸಂವರ್ಧಿಸದ, ಅಂದರೆ ಸಹಜವಾಗಿ ಸಿಗುವ ಯುರೇನಿಯಂನಿಂದ ಸ್ಥಾವರ ನಡೆಯುವುದಿಲ್ಲ. ಭಾರಜಲ ನುಂಗುವುದು ತೀರಾ ಕಡಿಮೆ.

ಹೊಸ ಭಾರಜಲಕ್ಕೆ ತಾನಾಗಿ ವಿಕಿರಣ ಇಲ್ಲ. ಸ್ಥಾವರದೊಳಗೆ ತಿರುಗಿ ಬಂದದ್ದರಲ್ಲಿ ಟ್ರಿಟಿಯಂ ಅನ್ನುವ ಹೈಡ್ರೋಜನ್ನಿನ ಮತ್ತೊಂದು ರೂಪ ಸೇರಿರುತ್ತದೆ, ಅದಕ್ಕೆ ವಿಕಿರಣ ಇದೆ. ಹೊಸದರ ಒಂದು ಗುಟುಕು ಕುಡಿದರೆ ಏನೂ ಆಗುವುದಿಲ್ಲ. ದಿನಗಟ್ಟಲೆ ಅದನ್ನೇ ಕುಡಿದು ಮೈಯ ನೀರಿನ ದೊಡ್ಡ ಪಾಲು ಭಾರಜಲವೇ ಆದರೆ ಮಾತ್ರ ಜೀವಕೋಶಗಳು ಇಬ್ಭಾಗವಾಗುವ ಕೆಲಸ ಕೆಡುತ್ತದೆ, ಪ್ರಾಣಿಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ ಇದು ಕಂಡುಬಂದಿದೆ.